ಅತಿಥಿಗಳಿಗೆ ನಿಸ್ತಂತು ಅಂತರಜಾಲ: ವ್ಯವಸ್ಥೆ ಮತ್ತು ಹೊಣೆ



ದೂರವಾಣಿಯು ಕೆಲವೇ ಮನೆಗಳ ಹಾಗೂ ಕಚೇರಿಗಳ ಸೊತ್ತಾಗಿದ್ದ ಕಾಲವೊಂದಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಸ್ವದೇಶಿ ದೂರವಾಣಿ ವಿನಿಮಯ ಕೇಂದ್ರಗಳನ್ನು ರೂಪಿಸಿದ ಮೇಲೆ, ಹಳದಿ ಫಲಕ ಹೊತ್ತ ಎಸ್.ಟಿ.ಡಿ. ಮಳಿಗೆಗಳು ದೇಶದ ಊರೂರುಗಳಲ್ಲಿ ತಲೆಯೆತ್ತಿದವು. ಮುಂಬಯಿಯ ಉಪಾಹಾರ ಗೃಹದಲ್ಲಿ ದುಡಿಯುತ್ತಿದ್ದ ದಕ್ಷಿಣ ಕನ್ನಡದ ಹುಡುಗನು ರಾತ್ರಿಯ ರಿಯಾಯಿತಿ ದರಕ್ಕಾಗಿ ಕಾದಿದ್ದು, ಊರಿನ ಅಂಗಡಿಗೆ ಕರೆ ಮಾಡಿ, ಅಲ್ಲಿಗೆ ಬಂದ ತಾಯಿಯೊಡನೆ ಮಾತನಾಡುತ್ತಿದ್ದುದು ಈ ಮಳಿಗೆಗಳಿಂದಲೇ. ಸ್ವಂತ ದೂರವಾಣಿ ಇಲ್ಲದವನಿಗೂ ದೂರವಾಣಿಯ ಪ್ರಯೋಜನ ದೊರಕಿಸಿಕೊಟ್ಟದ್ದು ಆ ವ್ಯವಸ್ಥೆಯ ಹೆಗ್ಗಳಿಕೆ.

ಇಂದು ಅದೇ ಸ್ಥಾನದಲ್ಲಿ ನಿಂತಿರುವುದು ಸಾರ್ವಜನಿಕ ವೈ-ಫೈ. ಮೊಬೈಲ್ ದೂರವಾಣಿ ಬಹುತೇಕ ಎಲ್ಲರ ಕೈಯಲ್ಲೂ ಇದೆಯೆಂಬುದು ನಿಜ. ಆದರೆ ಪರೀಕ್ಷೆಯ ಅರ್ಜಿ ತುಂಬುವ ವಿದ್ಯಾರ್ಥಿ, ಪಾಠದ ದೃಶ್ಯಸುರುಳಿಗಳನ್ನು ನೋಡಬೇಕಾದ ಬಾಲಕಿ, ದಿನದ ಡೇಟಾ ಮುಗಿದ ಮೇಲೆ ಊರಿಗೆ ಹಣ ಕಳುಹಿಸಬೇಕಾದ ಕಾರ್ಮಿಕ, ನೆಲಮಾಳಿಗೆಯ ಕೊಠಡಿಯಲ್ಲಿ ಮೊಬೈಲ್ ಸಂಕೇತವೇ ದೊರೆಯದ ಪ್ರವಾಸಿ, ಇವರೆಲ್ಲರಿಗೂ ಸಮೀಪದ ಅಂಗಡಿ, ವಾಚನಾಲಯ ಅಥವಾ ಸಂಘದ ಕಟ್ಟಡದಲ್ಲಿ ದೊರೆಯುವ ಜಾಲ ಸಂಪರ್ಕವು ದೊಡ್ಡ ಆಸರೆಯಾಗುತ್ತದೆ. ಇಂತಹ ಸೌಲಭ್ಯವನ್ನು ಒದಗಿಸಬಯಸುವವರು ಅದನ್ನು ಹೇಗೆ ಅಣಿಗೊಳಿಸಬೇಕು, ಅದರಿಂದ ಅತಿಥಿಗಾಗಲಿ ಮಾಲೀಕರಿಗಾಗಲಿ ಕೇಡು ಒದಗದಂತೆ ಯಾವ ಎಚ್ಚರ ವಹಿಸಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಗಾಳಿಯಲ್ಲಿ ಹರಿಯುವ ಸಂಪರ್ಕ

ವೈ-ಫೈ ಎಂಬುದು ಸಣ್ಣ ವ್ಯಾಪ್ತಿಯ ರೇಡಿಯೋ ಸಂಪರ್ಕ. ಇದರ ಮೂಲ ತಾಂತ್ರಿಕ ಮಾನಕವು 1997ರಲ್ಲಿ ಪ್ರಕಟವಾಯಿತು. ರೇಡಿಯೋ ತರಂಗಗಳ ಬಳಕೆಗೆ ಸಾಮಾನ್ಯವಾಗಿ ಸರ್ಕಾರದ ಪರವಾನಗಿ ಬೇಕು. ಆದರೆ ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು, 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗವನ್ನು, ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಲು ಅವಕಾಶ ನೀಡಿತು. ಅಂಗಡಿಯ ಮೂಲೆಯಲ್ಲಿ ಸಣ್ಣ ಪೆಟ್ಟಿಗೆಯೊಂದನ್ನು ಇರಿಸಿ ಹತ್ತಾರು ಜನರಿಗೆ ಅಂತರಜಾಲವನ್ನು ಹಂಚಲು ಸಾಧ್ಯವಾಗಿರುವುದು ಈ ನಿರ್ಧಾರಗಳಿಂದಲೇ.

ಈ ಪೆಟ್ಟಿಗೆಯ ಕಾರ್ಯವಿಧಾನದಲ್ಲಿ ಒಂದು ಅಂಶವು ಬಹಳ ಮುಖ್ಯ. ಅಂತರಜಾಲ ಸೇವೆಯ ಸಂಸ್ಥೆಯು ಒಂದು ಸಂಪರ್ಕಕ್ಕೆ ಸಾಮಾನ್ಯವಾಗಿ ಒಂದೇ ಬಾಹ್ಯ ವಿಳಾಸವನ್ನು ಕೊಡುತ್ತದೆ. ರೂಟರ್ ಎಂಬ ಉಪಕರಣವು ಒಳಗಿನ ಪ್ರತಿಯೊಂದು ಮೊಬೈಲಿಗೂ ಬೇರೆ ಬೇರೆ ಒಳವಿಳಾಸ ನೀಡಿ, ಹೊರಗೆ ಹೋಗುವಾಗ ಎಲ್ಲವನ್ನೂ ಆ ಒಂದೇ ವಿಳಾಸದಡಿ ಕಳುಹಿಸುತ್ತದೆ. ಆದುದರಿಂದ ಐವತ್ತು ಜನ ಅತಿಥಿಗಳು ಏನೇ ಮಾಡಿದರೂ, ಹೊರಗಿನಿಂದ ನೋಡುವವರಿಗೆ ಅದೆಲ್ಲವೂ ಮಾಲೀಕರ ವಿಳಾಸದಿಂದಲೇ ಬಂದಂತೆ ತೋರುತ್ತದೆ. ಸೌಲಭ್ಯದ ಜೊತೆಗೆ ಹೊಣೆಯೂ ಹುಟ್ಟುವುದು ಈ ಕಾರಣದಿಂದ.

2008ರ ಪಾಠ

ಈ ಹೊಣೆಯ ಗಂಭೀರತೆಯನ್ನು ದೇಶವು ಕಹಿ ಅನುಭವದಿಂದ ಅರಿಯಬೇಕಾಯಿತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆದವು. ಸ್ಫೋಟಗಳಿಗೆ ಸ್ವಲ್ಪ ಮುನ್ನ ಸುದ್ದಿ ಮಾಧ್ಯಮಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಅದರ ಜಾಡು ಹಿಡಿದ ತನಿಖೆಯು ನವಿ ಮುಂಬಯಿಯ ಒಂದು ವಸತಿಯ ಬಾಗಿಲಿಗೆ ತಲುಪಿತು. ಅಲ್ಲಿನ ವೈ-ಫೈಗೆ ತಕ್ಕ ರಕ್ಷಣೆ ಇರಲಿಲ್ಲ. ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ಆದರೂ ನಿವಾಸಿಯು ವಿಚಾರಣೆಯನ್ನು ಎದುರಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ಸಂದರ್ಭದಲ್ಲಿಯೂ ಮುಂಬಯಿಯ ಚೆಂಬೂರಿನ ಅರಕ್ಷಿತ ವೈ-ಫೈ ಒಂದು ಹೀಗೆಯೇ ದುರ್ಬಳಕೆಯಾಯಿತು.

ಈ ಘಟನೆಗಳ ಬಳಿಕ ದೂರಸಂಪರ್ಕ ಇಲಾಖೆಯು 2009ರ ಫೆಬ್ರವರಿ 23ರಂದು ಅಂತರಜಾಲ ಸೇವಾ ಸಂಸ್ಥೆಗಳಿಗೆ ವೈ-ಫೈ ಸುರಕ್ಷತೆಯ ಕುರಿತು ಸೂಚನೆಗಳನ್ನು ಹೊರಡಿಸಿತು. ಸಾರ್ವಜನಿಕ ಸ್ಥಳದಲ್ಲಿ ಜಾಲವನ್ನು ಬಳಸುವವರ ಗುರುತನ್ನು ಭಾವಚಿತ್ರವುಳ್ಳ ಗುರುತಿನ ಪತ್ರದಿಂದ, ಇಲ್ಲವೇ ಮೊಬೈಲಿಗೆ ಕಳುಹಿಸಿದ ಸಂಕೇತದಿಂದ ಖಚಿತಪಡಿಸಿಕೊಂಡು, ಆ ದಾಖಲೆಯನ್ನು ಒಂದು ವರ್ಷ ಕಾಪಾಡಬೇಕೆಂಬ ಕ್ರಮವು ಅಲ್ಲಿಂದ ರೂಢಿಗೆ ಬಂತು. ಇಂದು ನಿಲ್ದಾಣದಲ್ಲಾಗಲಿ ವಿಮಾನ ತಾಣದಲ್ಲಾಗಲಿ ವೈ-ಫೈ ಬಳಸುವ ಮುನ್ನ ಮೊಬೈಲ್ ಸಂಖ್ಯೆಯನ್ನು ಕೇಳುವುದರ ಹಿನ್ನೆಲೆ ಇದೇ ಆಗಿದೆ.

ಜಗಲಿ ಬೇರೆ, ಒಳಮನೆ ಬೇರೆ

ಕನ್ನಡ ನಾಡಿನ ಹಳೆಯ ಮನೆಗಳ ಮುಂದೆ ಜಗಲಿಯಿರುತ್ತಿತ್ತು. ದಾರಿಹೋಕನು ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ಮನೆಯವರು ನೀರು, ಬೆಲ್ಲ ಕೊಟ್ಟು ಉಪಚರಿಸುತ್ತಿದ್ದರು. ಆದರೆ ಅಡುಗೆಮನೆ, ಉಗ್ರಾಣ, ಹಣದ ಪೆಟ್ಟಿಗೆಗಳಿರುವ ಒಳಮನೆಗೆ ಅಪರಿಚಿತರ ಪ್ರವೇಶವಿರಲಿಲ್ಲ. ಇದರಿಂದ ಆತಿಥ್ಯಕ್ಕೆ ಕುಂದೂ ಬರುತ್ತಿರಲಿಲ್ಲ, ಮನೆಗೆ ಅಪಾಯವೂ ಇರುತ್ತಿರಲಿಲ್ಲ. ಅತಿಥಿಗಳಿಗಾಗಿ ವೈ-ಫೈ ಅಣಿಗೊಳಿಸುವುದರ ತಿರುಳೂ ಇಷ್ಟೇ.

ಉದಾಹರಣೆಗೆ ಮಾಟುಂಗದಲ್ಲಿಯೋ ಪುಣೆಯಲ್ಲಿಯೋ ಕನ್ನಡಿಗರೊಬ್ಬರು ನಡೆಸುವ ಉಪಾಹಾರ ಗೃಹವನ್ನು ಭಾವಿಸಿಕೊಳ್ಳಬಹುದು. ಅಲ್ಲಿ ಬಿಲ್ಲು ತಯಾರಿಸುವ ಕಂಪ್ಯೂಟರ್, ಕಾರ್ಡ್ ಉಜ್ಜುವ ಯಂತ್ರ, ಪ್ರಿಂಟರ್, ಸಿ.ಸಿ. ಟಿ.ವಿ. ಕ್ಯಾಮೆರಾಗಳು ಇವೆಲ್ಲವೂ ಒಂದೇ ರೂಟರಿಗೆ ಜೋಡಣೆಯಾಗಿರುತ್ತವೆ. ಗಿರಾಕಿಯೊಬ್ಬರು ಕೇಳಿದರೆಂದು ಗಲ್ಲೆಯ ಮೇಲೆ ಕುಳಿತವರು ಅದೇ ಜಾಲದ ಪಾಸ್‌ವರ್ಡನ್ನು ಹೇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಅದು ನೂರಾರು ಮೊಬೈಲುಗಳಲ್ಲಿ ಉಳಿದುಬಿಡುತ್ತದೆ. ಅವುಗಳಲ್ಲಿ ಯಾವುದಾದರೊಂದರಲ್ಲಿ ದುಷ್ಟ ತಂತ್ರಾಂಶವಿದ್ದರೆ, ಅದು ಬಿಲ್ಲಿನ ಕಂಪ್ಯೂಟರಿನ ಬಾಗಿಲನ್ನು ತಟ್ಟಬಲ್ಲದು. ಕ್ಯಾಮೆರಾದ ದೃಶ್ಯಗಳನ್ನು ಹೊರಗೆ ಸಾಗಿಸಬಲ್ಲದು. ಮಾಲೀಕರಿಗೆ ಇದರ ಸುಳಿವೂ ಸಿಗದೆ ಇರಬಹುದು.

ಆದಕಾರಣ ಮೊದಲ ಕೆಲಸವೆಂದರೆ ಜಾಲವನ್ನು ಎರಡಾಗಿ ವಿಂಗಡಿಸುವುದು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಅನೇಕ ರೂಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಅನುಕೂಲವಿರುತ್ತದೆ. ಅದನ್ನು ಚಾಲನೆಗೊಳಿಸಿದರೆ ಅದೇ ಪೆಟ್ಟಿಗೆಯಿಂದ ಬೇರೊಂದು ಹೆಸರಿನ ಜಾಲವು ಪ್ರಸಾರವಾಗುತ್ತದೆ. ವ್ಯವಹಾರದ ಉಪಕರಣಗಳಿಗೆ 192.168.10ರಿಂದ ಆರಂಭವಾಗುವ ಒಳವಿಳಾಸಗಳನ್ನು ಕೊಟ್ಟರೆ, ಅತಿಥಿಗಳಿಗೆ 192.168.20ರಿಂದ ಆರಂಭವಾಗುವವುಗಳನ್ನು ಕೊಡಬಹುದು. ಎರಡನೆಯದರಿಂದ ಮೊದಲನೆಯದಕ್ಕೆ ಯಾವ ಸಂಚಾರವೂ ಸಾಗದಂತೆ ತಡೆ ಹಾಕುವುದು ಅಗತ್ಯ. ಹೆಸರು ಬೇರೆಯಾದ ಮಾತ್ರಕ್ಕೆ ಜಾಲವು ಬೇರೆಯಾಗುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಹಲವು ಪ್ರವೇಶ ಕೇಂದ್ರಗಳುಳ್ಳ ದೊಡ್ಡ ಕಟ್ಟಡಗಳಲ್ಲಿ ಈ ವಿಂಗಡಣೆಯನ್ನು ‘ವಿ-ಲ್ಯಾನ್’ ಎಂಬ ವಿಧಾನದಿಂದ ಮಾಡುತ್ತಾರೆ. ಒಂದೇ ತಂತಿಯೊಳಗೆ ಎರಡು ಪ್ರತ್ಯೇಕ ಕಾಲುವೆಗಳನ್ನು ಹರಿಸಿದಂತೆ ಇದು ಕೆಲಸ ಮಾಡುತ್ತದೆ.

ಎರಡನೆಯದಾಗಿ, ಅತಿಥಿಗಳನ್ನು ಪರಸ್ಪರರಿಂದಲೂ ಬೇರ್ಪಡಿಸಬೇಕು. ‘ಕ್ಲೈಂಟ್ ಐಸೊಲೇಷನ್’ ಅಥವಾ ‘ಎ.ಪಿ. ಐಸೊಲೇಷನ್’ ಎಂಬ ಹೆಸರಿನ ಆಯ್ಕೆಯನ್ನು ಒತ್ತಿದರೆ, ಪಕ್ಕದ ಮೇಜಿನ ಅಪರಿಚಿತರು ವಿದ್ಯಾರ್ಥಿಯ ಲ್ಯಾಪ್‌ಟಾಪಿನ ಕಡತಗಳತ್ತ ಕೈಚಾಚಲು ಆಗದು. ಪ್ರತಿಯೊಬ್ಬರೂ ಅಂತರಜಾಲದೊಡನೆ ಮಾತ್ರ ಸಂಪರ್ಕ ಹೊಂದುತ್ತಾರೆ.

ಉಪಕರಣದ ರಕ್ಷಣೆ

ಹೊಸ ರೂಟರು ತನ್ನ ಕಾರ್ಖಾನೆಯ ಪಾಸ್‌ವರ್ಡಿನೊಂದಿಗೆ ಬರುತ್ತದೆ. ಕೆಲವು ಮಾದರಿಗಳಲ್ಲಿ ಅದು ‘ಅಡ್ಮಿನ್’ ಎಂಬ ಒಂದೇ ಪದವಾಗಿರುತ್ತದೆ; ಇದು ಬಲ್ಲವರಿಗೆಲ್ಲ ಬಲ್ಲ ಸಂಗತಿ. ಸ್ಥಾಪನೆಯ ದಿನವೇ ಅದನ್ನು ಉದ್ದವಾದ, ಊಹೆಗೆ ನಿಲುಕದ ಪಾಸ್‌ವರ್ಡಿಗೆ ಬದಲಾಯಿಸತಕ್ಕದ್ದು. ಈ ಪಾಸ್‌ವರ್ಡು ಅತಿಥಿಗಳಿಗೆ ಕೊಡುವ ಪಾಸ್‌ವರ್ಡಿಗಿಂತ ಬೇರೆಯಾಗಿರಬೇಕು. ಹೊರಗಿನ ಅಂತರಜಾಲದಿಂದ ರೂಟರನ್ನು ನಿಯಂತ್ರಿಸುವ ಸೌಲಭ್ಯವನ್ನೂ, ಗುಂಡಿ ಒತ್ತಿ ಅಥವಾ ಎಂಟು ಅಂಕಿಗಳ ಪಿನ್ ಕೊಟ್ಟು ಜೋಡಿಸುವ ‘ಡಬ್ಲ್ಯು.ಪಿ.ಎಸ್.’ ವಿಧಾನವನ್ನೂ ನಿಲ್ಲಿಸಿಡುವುದು ಕ್ಷೇಮ. ತಯಾರಕರು ಕಾಲಕಾಲಕ್ಕೆ ಹೊರಡಿಸುವ ತಂತ್ರಾಂಶದ ಪರಿಷ್ಕರಣೆಗಳನ್ನು ತಪ್ಪದೆ ಅಳವಡಿಸಬೇಕು. 2017ರಲ್ಲಿ ‘ಕ್ರ್ಯಾಕ್’ ಎಂಬ ಹೆಸರಿನ ದೌರ್ಬಲ್ಯವು ಬಯಲಾದಾಗ, ಪರಿಷ್ಕರಣೆಯನ್ನು ಅಳವಡಿಸಿಕೊಂಡ ಉಪಕರಣಗಳು ಅಪಾಯದಿಂದ ಪಾರಾದವು.

ಗಾಳಿಯಲ್ಲಿ ಸಾಗುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಅಡಗಿಸುವ ವಿಧಾನಗಳಲ್ಲಿಯೂ ತಲೆಮಾರುಗಳಿವೆ. ‘ವೆಪ್’ ಎಂಬ ಮೊದಲ ವಿಧಾನವನ್ನು ಭೇದಿಸುವುದು ಬಹಳ ಹಿಂದೆಯೇ ಸುಲಭವಾಗಿಬಿಟ್ಟಿತು, ಅದನ್ನು ಬಳಸಲೇಬಾರದು. 2004ರ ‘ಡಬ್ಲ್ಯು.ಪಿ.ಎ. 2’ ಮತ್ತು 2018ರ ‘ಡಬ್ಲ್ಯು.ಪಿ.ಎ. 3’ ಇಂದಿಗೆ ತಕ್ಕವು. ಎರಡನೆಯ ತಲೆಮಾರಿನ ಜಾಲದಲ್ಲಿ ಎಲ್ಲ ಅತಿಥಿಗಳಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದರೆ, ಅದನ್ನು ಬಲ್ಲ ಒಬ್ಬ ಕುಶಲ ವ್ಯಕ್ತಿಯು ಇನ್ನೊಬ್ಬರ ಸಂಪರ್ಕವನ್ನು ಆಲಿಸಲು ಸಾಧ್ಯ. ಮೂರನೆಯ ತಲೆಮಾರು ಈ ಕೊರತೆಯನ್ನು ನೀಗಿದೆ. ಪಾಸ್‌ವರ್ಡೇ ಇಲ್ಲದ ತೆರೆದ ಜಾಲಗಳಲ್ಲಿಯೂ ಪ್ರತಿಯೊಬ್ಬರ ಮಾಹಿತಿಯನ್ನು ಪ್ರತ್ಯೇಕವಾಗಿ ಅಡಗಿಸುವ ‘ಎನ್‌ಹ್ಯಾನ್ಸ್‌ಡ್ ಓಪನ್’ ವಿಧಾನವು 2018ರಲ್ಲಿಯೇ ಬಳಕೆಗೆ ಬಂದಿದೆ. ಹೊಸ ಉಪಕರಣ ಕೊಳ್ಳುವವರು ಇವೆರಡೂ ಅದರಲ್ಲಿವೆಯೇ ಎಂದು ವಿಚಾರಿಸುವುದು ಒಳಿತು.

ಪೆಟ್ಟಿಗೆಯನ್ನು ಎಲ್ಲಿ ಇರಿಸಬೇಕೆಂಬುದೂ ಗಮನಿಸಬೇಕಾದ ವಿಷಯ. ಉಕ್ಕಿನ ಕಪಾಟಿನ ಹಿಂದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯ ಪಕ್ಕದಲ್ಲಿ ಇರಿಸಿದರೆ ಸಂಕೇತವು ಕುಗ್ಗುತ್ತದೆ. ಅತಿಥಿಗಳು ಕುಳಿತುಕೊಳ್ಳುವ ಸ್ಥಳದ ನಡುವೆ, ತಲೆಗಿಂತ ಎತ್ತರದಲ್ಲಿ, ಕೈಗೆಟುಕದ ಕಡೆ ಅಳವಡಿಸುವುದು ಉತ್ತಮ. 2.4 ಗಿಗಾಹರ್ಟ್ಸಿನ ತರಂಗಗಳು ಗೋಡೆಗಳನ್ನು ದಾಟಿ ದೂರ ಸಾಗುತ್ತವೆ, ಆದರೆ ಆ ಪಟ್ಟಿಯಲ್ಲಿ ದಟ್ಟಣೆ ಹೆಚ್ಚು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳಾಗಿ 1, 6 ಮತ್ತು 11 ಇವುಗಳನ್ನೇ ಸಾಮಾನ್ಯವಾಗಿ ಆರಿಸಿಕೊಳ್ಳುತ್ತಾರೆ. ನೆರೆಯವರು 1 ಮತ್ತು 6ನ್ನು ಬಳಸುತ್ತಿದ್ದರೆ 11ನ್ನು ಹಿಡಿಯುವುದು ಜಾಣತನ. 5 ಗಿಗಾಹರ್ಟ್ಸಿನ ತರಂಗಗಳ ವ್ಯಾಪ್ತಿ ಕಡಿಮೆ. ಒಂದೇ ಕೋಣೆಯಲ್ಲಿರುವವರಿಗೆ ಅದರಿಂದ ಹೆಚ್ಚಿನ ವೇಗ ದೊರೆಯುತ್ತದೆ.

ನ್ಯಾಯವಾದ ಹಂಚಿಕೆ

ಬೇಸಿಗೆಯ ಅರವಟ್ಟಿಗೆಯಲ್ಲಿ ಒಬ್ಬರೇ ಕೊಡಗಟ್ಟಲೆ ನೀರು ತುಂಬಿಕೊಂಡು ಹೋದರೆ ಹಿಂದೆ ನಿಂತವರಿಗೆ ಬೊಗಸೆಯೂ ಉಳಿಯುವುದಿಲ್ಲ. ಜಾಲದ ವಿಷಯದಲ್ಲಿಯೂ ಇದೇ ಮಾತು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕವಿದ್ದರೆ, 30ನ್ನು ವ್ಯವಹಾರಕ್ಕೆ ಮೀಸಲಿಟ್ಟು 70ನ್ನು ಅತಿಥಿಗಳಿಗೆ ಬಿಡಬಹುದು. ಏಕಕಾಲಕ್ಕೆ 35 ಮಂದಿ ಬಳಸಿದರೂ ತಲಾ 2 ಮೆಗಾಬಿಟ್ ದೊರೆಯುತ್ತದೆ. ಪತ್ರ ವ್ಯವಹಾರಕ್ಕೆ, ಅರ್ಜಿ ತುಂಬುವುದಕ್ಕೆ, ಹಣ ಪಾವತಿಗೆ ಇಷ್ಟು ಸಾಕು. ಜನ ಕಡಿಮೆಯಿರುವಾಗಲೂ ಒಬ್ಬೊಬ್ಬರಿಗೆ 5 ಮೆಗಾಬಿಟ್ ಮೀರದಂತೆ ಮಿತಿ ಹಾಕಿದರೆ, ಯಾರದೋ ಮೊಬೈಲು ದೊಡ್ಡ ಪರಿಷ್ಕರಣೆಯನ್ನು ಇಳಿಸಿಕೊಳ್ಳುತ್ತಿರುವಾಗ ಉಳಿದವರ ಕೆಲಸ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ಹೊರನೋಟಕ್ಕೆ ಕಾಣುವುದಿಲ್ಲ. ಸಾಮಾನ್ಯ ರೂಟರು ಅತಿಥಿಗಳಿಗಾಗಿ ಹೆಚ್ಚೆಂದರೆ 253 ಒಳವಿಳಾಸಗಳನ್ನು ಕೊಡಬಲ್ಲದು. ಪ್ರತಿ ವಿಳಾಸವನ್ನೂ ಒಂದು ದಿನದ ಅವಧಿಗೆ ಕೊಡುವ ಕ್ರಮ ಅನೇಕ ಉಪಕರಣಗಳಲ್ಲಿದೆ. ದಿನಕ್ಕೆ ಐದುನೂರು ಮಂದಿ ಬಂದು ಹೋಗುವ ಹೋಟೆಲಿನಲ್ಲಿ ಅರ್ಧ ದಿನದೊಳಗೆ ವಿಳಾಸಗಳು ಮುಗಿದುಹೋಗುತ್ತವೆ. ಬೆಳಗಿನ ಗಿರಾಕಿಗಳು ಎಂದೋ ಎದ್ದುಹೋಗಿದ್ದರೂ ಅವರ ಹೆಸರಿನ ಎಲೆ ಹಾಸಿಯೇ ಇದ್ದಂತೆ! ಸಂಜೆ ಬಂದವರಿಗೆ ಸಂಕೇತವು ಪೂರ್ಣವಾಗಿ ಕಂಡರೂ ಜಾಲ ದೊರೆಯುವುದಿಲ್ಲ. ಸಂಪರ್ಕವೇ ಕೆಟ್ಟಿತೆಂದು ಮಾಲೀಕರು ಸೇವಾ ಸಂಸ್ಥೆಗೆ ದೂರು ಕೊಡುತ್ತಾರೆ. ವಿಳಾಸದ ಅವಧಿಯನ್ನು ಅರ್ಧ ಗಂಟೆಗೋ ಒಂದು ಗಂಟೆಗೋ ಇಳಿಸಿದರೆ ಈ ತೊಂದರೆ ನೀಗುತ್ತದೆ. ಅಂಗಡಿ ಮುಚ್ಚಿದ ಮೇಲೆ ಅತಿಥಿ ಜಾಲವೂ ತಾನಾಗಿ ನಿಲ್ಲುವಂತೆ ವೇಳೆ ಗೊತ್ತುಪಡಿಸುವುದು ಮತ್ತೊಂದು ಒಳ್ಳೆಯ ಪದ್ಧತಿ. ನಡುರಾತ್ರಿ ಕಟ್ಟಡದ ಹೊರಗೆ ನಿಂತು ಜಾಲ ಬಳಸುವವರಿಗೆ ಇದರಿಂದ ಅವಕಾಶ ತಪ್ಪುತ್ತದೆ.

ಅತಿಥಿಯ ಗುರುತು, ಅತಿಥಿಯ ಗೌಪ್ಯತೆ

ಅತಿಥಿಯು ಜಾಲವನ್ನು ಸೇರಿದೊಡನೆ ಮೊಬೈಲಿನಲ್ಲಿ ಒಂದು ಪುಟ ತೆರೆದುಕೊಳ್ಳುವಂತೆ ಮಾಡಬಹುದು. ಅಲ್ಲಿ ಮೊಬೈಲ್ ಸಂಖ್ಯೆಯನ್ನು ನಮೂದಿಸಿ, ಬಂದ ಓ.ಟಿ.ಪಿ.ಯನ್ನು ಬರೆದ ಮೇಲೆ ಮಾತ್ರ ಅಂತರಜಾಲದ ಬಾಗಿಲು ತೆರೆಯುತ್ತದೆ. ಜಾಲದ ಬಳಕೆಯ ನಿಯಮಗಳು, ಸಮಯದ ಮಿತಿ, ಯಾವ ಮಾಹಿತಿಯನ್ನು ಎಷ್ಟು ಕಾಲ ಇರಿಸಿಕೊಳ್ಳಲಾಗುವುದು ಎಂಬ ವಿವರಗಳನ್ನು ಈ ಪುಟದಲ್ಲಿ ಸ್ಪಷ್ಟವಾಗಿ ಬರೆಯತಕ್ಕದ್ದು. ಹೊರನಾಡಿನ ಕನ್ನಡ ಸಂಘವೊಂದರ ವಾಚನಾಲಯದಲ್ಲಿ ಈ ಬರಹವು ಕನ್ನಡದಲ್ಲಿಯೂ, ಆ ಪ್ರದೇಶದ ಭಾಷೆಯಲ್ಲಿಯೂ, ಹಿಂದಿ ಮತ್ತು ಇಂಗ್ಲಿಷಿನಲ್ಲಿಯೂ ಇದ್ದರೆ ಎಲ್ಲರಿಗೂ ಅನುಕೂಲ.

ಇತ್ತೀಚಿನ ಮೊಬೈಲುಗಳು ಗೌಪ್ಯತೆಗಾಗಿ ತಮ್ಮ ಯಂತ್ರ ವಿಳಾಸವನ್ನು ಜಾಲದಿಂದ ಜಾಲಕ್ಕೆ ಬದಲಾಯಿಸುತ್ತವೆ. ಆದುದರಿಂದ ಯಂತ್ರ ವಿಳಾಸವೊಂದನ್ನೇ ಬರೆದಿಟ್ಟುಕೊಂಡರೆ ಬಳಸಿದವರು ಯಾರೆಂದು ತಿಳಿಯದು. ಮೊಬೈಲ್ ಸಂಖ್ಯೆ, ಸೇರಿದ ಹಾಗೂ ಹೊರಟ ಸಮಯ, ಕೊಟ್ಟ ಒಳವಿಳಾಸ, ಈ ನಾಲ್ಕು ವಿವರಗಳು ಒಟ್ಟಿಗೆ ಇರಬೇಕು. ರೂಟರಿನ ಗಡಿಯಾರವು ಸರಿಯಾದ ಭಾರತೀಯ ಸಮಯವನ್ನು ತೋರಿಸುವಂತಿರಬೇಕು. ಸಮಯ ತಪ್ಪಿದ ದಾಖಲೆಯು ತನಿಖೆಯ ವೇಳೆ ನಿರಪರಾಧಿಯೊಬ್ಬರತ್ತ ಬೆರಳು ತೋರಿಸೀತು.

ಇಷ್ಟನ್ನು ಬಿಟ್ಟು ಹೆಚ್ಚಿನದನ್ನು ಕೇಳುವುದು ಸಲ್ಲದು. ಆಧಾರ್ ಸಂಖ್ಯೆ, ಜನ್ಮದಿನ, ಬ್ಯಾಂಕಿನ ವಿವರ ಇವುಗಳಿಗೂ ಒಂದು ಲೋಟ ಕಾಫಿಯ ಜೊತೆ ಕೊಡುವ ಜಾಲಕ್ಕೂ ಸಂಬಂಧವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಯನ್ನು ಪಡೆಯಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬ ತತ್ತ್ವವನ್ನು ಎತ್ತಿಹಿಡಿದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಗಲ್ಲೆಯ ಬಳಿ ನೋಟು ಪುಸ್ತಕವೊಂದನ್ನು ತೆರೆದಿಟ್ಟು ಅದರಲ್ಲಿ ಎಲ್ಲರೂ ಹೆಸರು, ಸಂಖ್ಯೆಗಳನ್ನು ಬರೆಯುವ ಪದ್ಧತಿಯನ್ನು ಕೈಬಿಡುವುದು ಲೇಸು. ಹಾಗೆ ಬರೆದ ಹೆಣ್ಣುಮಗಳ ಸಂಖ್ಯೆಯನ್ನು ಮುಂದಿನ ಸಾಲಿನಲ್ಲಿ ಬರೆಯುವವನು ನಕಲು ಮಾಡಿಕೊಳ್ಳಬಲ್ಲನು. ದಾಖಲೆಯು ಮಾಲೀಕರ ರಕ್ಷಣೆಗೆ ಇರುವಂತೆಯೇ, ಅದರ ರಕ್ಷಣೆಯೂ ಮಾಲೀಕರ ಕರ್ತವ್ಯ.

ಪ್ರಧಾನ ಮಂತ್ರಿ ವಾಣಿ ಯೋಜನೆ

ಇಷ್ಟೆಲ್ಲವನ್ನೂ ಒಬ್ಬ ಕಿರಾಣಿ ಅಂಗಡಿಯವರು ನಿರ್ವಹಿಸುವುದು ಕಷ್ಟವೆಂಬುದು ನಿಜ. ಈ ಭಾರವನ್ನು ಹಂಚಿಕೊಳ್ಳುವ ವ್ಯವಸ್ಥೆಯೇ ‘ಪಿ.ಎಂ.-ವಾಣಿ’. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2017ರಲ್ಲಿ ಮಾಡಿದ ಶಿಫಾರಸುಗಳ ಆಧಾರದ ಮೇಲೆ ರೂಪುಗೊಂಡ ಈ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಒಪ್ಪಿಗೆ ನೀಡಿತು.

ಇದರಲ್ಲಿ ನಾಲ್ಕು ಅಂಗಗಳಿವೆ. ಅಂಗಡಿಯಲ್ಲಿ ವೈ-ಫೈ ಪೆಟ್ಟಿಗೆಯನ್ನು ಇರಿಸಿ ನಡೆಸುವವರು ‘ಸಾರ್ವಜನಿಕ ದತ್ತಾಂಶ ಕಚೇರಿ’ ಅಥವಾ ಪಿ.ಡಿ.ಓ. ಎನಿಸಿಕೊಳ್ಳುತ್ತಾರೆ. ಹಿಂದಿನ ದೂರವಾಣಿ ಮಳಿಗೆಯ ವಂಶಜರು ಇವರು. ಇವರಿಗೆ ಪರವಾನಗಿಯೂ ಬೇಡ, ನೋಂದಣಿಯೂ ಬೇಡ, ಸರ್ಕಾರಕ್ಕೆ ತೆರಬೇಕಾದ ಶುಲ್ಕವೂ ಇಲ್ಲ. ಅನೇಕ ಪಿ.ಡಿ.ಓ.ಗಳನ್ನು ಒಟ್ಟುಗೂಡಿಸಿ, ಬಳಕೆದಾರರಿಗೆ ಅನುಮತಿ ನೀಡುವ ಹಾಗೂ ಲೆಕ್ಕ ಇಡುವ ಕೆಲಸವನ್ನು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿತವಾದ ‘ಪಿ.ಡಿ.ಓ.ಎ.’ ಸಂಸ್ಥೆಗಳು ಮಾಡುತ್ತವೆ. ಬಳಕೆದಾರರನ್ನು ನೋಂದಾಯಿಸಿಕೊಂಡು, ಸಮೀಪದ ವಾಣಿ ಕೇಂದ್ರವನ್ನು ಮೊಬೈಲಿನಲ್ಲಿ ತೋರಿಸುವವರು ಆ್ಯಪ್ ಒದಗಿಸುವವರು. ಇವರೆಲ್ಲರ ವಿವರಗಳನ್ನು ಒಳಗೊಂಡ ಕೇಂದ್ರ ನೋಂದಣಿ ಪುಸ್ತಕವನ್ನು ಸಿ-ಡಾಟ್ ಸಂಸ್ಥೆಯೇ ನಿರ್ವಹಿಸುತ್ತದೆ. ದೂರವಾಣಿ ವಿನಿಮಯ ಕೇಂದ್ರಗಳನ್ನು ರೂಪಿಸಿದ ಸಂಸ್ಥೆಯು ಹೀಗೆ ಹೊಸ ಕಾಲದ ಮಳಿಗೆಗಳಿಗೂ ಬೆನ್ನೆಲುಬಾಗಿದೆ.

ಗಿರಾಕಿಗಳಿಗೆ ಉಚಿತವಾಗಿ ಜಾಲ ಕೊಡುವುದು ಒಂದು, ಹಣಕ್ಕೆ ಮಾರುವುದು ಇನ್ನೊಂದು. ಮನೆಯ ಅಥವಾ ಅಂಗಡಿಯ ಸಂಪರ್ಕವನ್ನು ಯಾವ ವ್ಯವಸ್ಥೆಯಡಿಯೂ ಸೇರದೆ ಮರುಮಾರಾಟ ಮಾಡಲು ಅವಕಾಶವಿಲ್ಲ. ಪಿ.ಡಿ.ಓ. ಆದವರು ಸಣ್ಣ ಮೊತ್ತದ ಕೂಪನ್‌ಗಳ ಮೂಲಕ ಅದನ್ನು ನ್ಯಾಯಬದ್ಧವಾಗಿ ಮಾಡಬಹುದು. ಸಂಪರ್ಕದ ದುಬಾರಿ ಬೆಲೆಯು ಬಹುಕಾಲ ಇವರಿಗೆ ತೊಡಕಾಗಿತ್ತು. 2025ರ ಜೂನ್‌ನಲ್ಲಿ ನಿಯಂತ್ರಣ ಪ್ರಾಧಿಕಾರವು ಹೊರಡಿಸಿದ ಆದೇಶದಂತೆ, 200 ಮೆಗಾಬಿಟ್ ವೇಗದವರೆಗಿನ ಫೈಬರ್ ಸಂಪರ್ಕಗಳಿಗೆ ಪಿ.ಡಿ.ಓ.ಗಳಿಂದ ಪಡೆಯುವ ದರವು ಸಾಮಾನ್ಯ ಗ್ರಾಹಕರ ದರದ ಎರಡು ಪಟ್ಟನ್ನು ಮೀರುವಂತಿಲ್ಲ.

ಯೋಜನೆಯು ಸಾಗಬೇಕಾದ ದಾರಿ ಇನ್ನೂ ಉದ್ದವಿದೆ. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯು 2022ರ ವೇಳೆಗೆ ಒಂದು ಕೋಟಿ ಸಾರ್ವಜನಿಕ ವೈ-ಫೈ ಕೇಂದ್ರಗಳ ಗುರಿ ಇಟ್ಟುಕೊಂಡಿತ್ತು. ಆ ಗುರಿಯನ್ನು ಆ ಅವಧಿಯಲ್ಲಿ ಮುಟ್ಟಲಾಗಲಿಲ್ಲ. ಇನ್ನೊಂದೆಡೆ ರೈಲ್ವೆಯ ನಿದರ್ಶನವು ಭರವಸೆ ಮೂಡಿಸುತ್ತದೆ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ರೈಲ್‌ಟೆಲ್ ಮತ್ತು ಗೂಗಲ್ ಜೊತೆಗೂಡಿ ಆರಂಭಿಸಿದ ಸೇವೆಯಿಂದ ಗೂಗಲ್ 2020ರಲ್ಲಿ ಹಿಂದೆ ಸರಿಯಿತು. ಆದರೂ ರೈಲ್‌ಟೆಲ್ ಸೇವೆಯನ್ನು ಮುಂದುವರಿಸಿ, ಆರು ಸಾವಿರಕ್ಕೂ ಹೆಚ್ಚು ನಿಲ್ದಾಣಗಳಿಗೆ ವಿಸ್ತರಿಸಿದೆ.

ಬಳಸುವವರು ಅರಿಯಬೇಕಾದುದು

ಆತಿಥ್ಯ ನೀಡುವವರಿಗೆ ಕರ್ತವ್ಯಗಳಿರುವಂತೆ ಅತಿಥಿಗೂ ಇವೆ. ವಂಚಕರು ಪ್ರಸಿದ್ಧ ಹೋಟೆಲಿನ ಅಥವಾ ನಿಲ್ದಾಣದ ಜಾಲದ ಹೆಸರನ್ನೇ ಇಟ್ಟುಕೊಂಡು ಸುಳ್ಳು ಜಾಲವನ್ನು ಹರಡುವುದುಂಟು. ಆದುದರಿಂದ ಮಾಲೀಕರು ಜಾಲದ ಸರಿಯಾದ ಹೆಸರನ್ನು ಫಲಕದಲ್ಲಿ ಬರೆಸಿ ತೂಗುಹಾಕಬೇಕು. ಕ್ಯೂ.ಆರ್. ಚೀಟಿಯನ್ನು ಅಂಟಿಸಿದ್ದರೆ, ಅದರ ಮೇಲೆ ಬೇರೆಯವರು ಇನ್ನೊಂದನ್ನು ಅಂಟಿಸಿಲ್ಲವೆಂದು ಆಗಾಗ ನೋಡುತ್ತಿರಬೇಕು. ಅತಿಥಿಯು ಫಲಕದ ಹೆಸರನ್ನು ಸರಿಹೋಲಿಸಿಯೇ ಸೇರುವುದು ಕ್ಷೇಮ.

ವೈ-ಫೈ ಸೇರಲು ಕೇಳುವ ಓ.ಟಿ.ಪಿ.ಗೂ ಬ್ಯಾಂಕಿನಿಂದ ಬರುವ ಓ.ಟಿ.ಪಿ.ಗೂ ಇರುವ ವ್ಯತ್ಯಾಸವನ್ನು ಮನೆಯ ಹಿರಿಯರಿಗೆ ತಿಳಿಸಿಕೊಡಬೇಕು. ಬಂದ ಸಂದೇಶವನ್ನು ಪೂರ್ತಿ ಓದಿ, ಅದು ಯಾವುದಕ್ಕಾಗಿ ಬಂದಿದೆಯೆಂದು ಅರಿತ ಮೇಲೆಯೇ ಅಂಕಿಗಳನ್ನು ಬರೆಯಬೇಕು. ಜಾಲವನ್ನು ಸೇರಿಸಿಕೊಳ್ಳುವ ಪುಟವು ಪಿನ್ ಅಥವಾ ಕಾರ್ಡಿನ ಸಂಖ್ಯೆಯನ್ನು ಕೇಳಿದರೆ, ಇಲ್ಲವೇ ಯಾವುದಾದರೂ ಅಪರಿಚಿತ ಆ್ಯಪನ್ನು ಇಳಿಸಿಕೊಳ್ಳಲು ಒತ್ತಾಯಿಸಿದರೆ ಕೂಡಲೇ ಹೊರಬರಬೇಕು. ಬ್ಯಾಂಕಿನ ವ್ಯವಹಾರಕ್ಕೆ ಸ್ವಂತ ಮೊಬೈಲ್ ಡೇಟಾ ಇದ್ದರೆ ಅದನ್ನೇ ಬಳಸುವುದು ಮೇಲು. ಕೆಲಸ ಮುಗಿದ ಮೇಲೆ ಆ ಜಾಲವನ್ನು ಮೊಬೈಲಿನಿಂದ ಅಳಿಸಿದರೆ, ಅದೇ ಹೆಸರಿನ ಸುಳ್ಳು ಜಾಲಕ್ಕೆ ಮುಂದೆಂದಾದರೂ ತಾನಾಗಿ ಸೇರಿಕೊಳ್ಳುವ ಅಪಾಯ ತಪ್ಪುತ್ತದೆ. ಹಣದ ವಂಚನೆ ನಡೆದುದು ತಿಳಿದೊಡನೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡತಕ್ಕದ್ದು. ವರದಿ ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬಾಗಿಲು ತೆರೆಯುವ ಮುನ್ನ

ಎಲ್ಲವನ್ನೂ ಅಣಿಗೊಳಿಸಿದ ಮೇಲೆ ಸಂಘದ ಕಾರ್ಯದರ್ಶಿಗಳಾಗಲಿ ಅಂಗಡಿಯ ಮಾಲೀಕರಾಗಲಿ ಸ್ವತಃ ಅತಿಥಿಯಂತೆ ಒಮ್ಮೆ ಪರೀಕ್ಷಿಸಿ ನೋಡಬೇಕು. ಅತಿಥಿ ಜಾಲಕ್ಕೆ ಸೇರಿದ ಮೊಬೈಲಿನಿಂದ ರೂಟರಿನ ನಿಯಂತ್ರಣ ಪುಟವನ್ನು ತೆರೆಯಲು ಪ್ರಯತ್ನಿಸಬೇಕು, ಅದು ತೆರೆಯಬಾರದು. ಕಚೇರಿಯ ಪ್ರಿಂಟರನ್ನು ಹುಡುಕಬೇಕು, ಅದು ಕಾಣಬಾರದು. ಎರಡು ಮೊಬೈಲುಗಳನ್ನು ಸೇರಿಸಿ ಒಂದರಿಂದ ಇನ್ನೊಂದಕ್ಕೆ ಆ ಜಾಲದ ಮೂಲಕ ನೇರವಾಗಿ ಕಡತ ಕಳುಹಿಸಲು ನೋಡಬೇಕು, ಅದು ಹೋಗಬಾರದು. ಓ.ಟಿ.ಪಿ. ಇಲ್ಲದೆ ಯಾವುದಾದರೂ ಪುಟ ತೆರೆಯುತ್ತದೆಯೇ, ಒಬ್ಬರು ದೊಡ್ಡ ಕಡತ ಇಳಿಸಿಕೊಳ್ಳುವಾಗ ಬಿಲ್ಲಿನ ಯಂತ್ರವು ನಿಧಾನವಾಗುತ್ತದೆಯೇ, ವಿದ್ಯುತ್ ಹೋಗಿ ಬಂದ ಮೇಲೆ ಎಲ್ಲ ನಿಯಮಗಳೂ ಮೊದಲಿನಂತೆಯೇ ಇವೆಯೇ ಎಂಬುದನ್ನೂ ನೋಡಬೇಕು. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಮೂರು ತಿಂಗಳಿಗೊಮ್ಮೆ ಇದನ್ನು ಪುನರಾವರ್ತಿಸಿ, ಫಲಿತಾಂಶವನ್ನು ದಿನಾಂಕದೊಡನೆ ಬರೆದಿಡುವುದು ಉತ್ತಮ. ತಂತ್ರಜ್ಞರನ್ನು ಕರೆಸಿ ಜೋಡಣೆ ಮಾಡಿಸಿದವರೂ ನಿಯಂತ್ರಣದ ಪಾಸ್‌ವರ್ಡನ್ನು ತಾವೇ ಇರಿಸಿಕೊಳ್ಳಬೇಕು. ಅದು ತಂತ್ರಜ್ಞರ ನೆನಪಿನಲ್ಲಿ ಮಾತ್ರ ಉಳಿಯಬಾರದು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರು ಸಂಘ, ವಾಚನಾಲಯ, ರಾತ್ರಿ ಶಾಲೆಗಳನ್ನು ಕಟ್ಟಿ, ಊರಿನಿಂದ ಹೊಸದಾಗಿ ಬಂದವರಿಗೆ ಆಸರೆಯಾದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುತ್ತಿದ್ದ ಹುಡುಗರಿಗೆ ಅಂದು ಬೇಕಾಗಿದ್ದುದು ಒಂದು ದೀಪ, ಒಂದು ಬೆಂಚು ಮತ್ತು ನಾಲ್ಕು ಪುಸ್ತಕ. ಇಂದು ಅವರ ಸ್ಥಾನದಲ್ಲಿರುವವರಿಗೆ ಇವುಗಳೊಡನೆ ಜಾಲ ಸಂಪರ್ಕವೂ ಬೇಕಾಗಿದೆ. ಸಂಘಗಳು ತಮ್ಮ ವಾಚನಾಲಯದಲ್ಲಿ ಅತಿಥಿ ಜಾಲವೊಂದನ್ನು ವಿಂಗಡಿಸಿ, ಅದರ ಮೇಲ್ವಿಚಾರಣೆಯನ್ನು ಆಸಕ್ತ ತರುಣ ಸದಸ್ಯರೊಬ್ಬರಿಗೆ ವಹಿಸಿಕೊಟ್ಟರೆ, ಕಡಿಮೆ ಖರ್ಚಿನಲ್ಲಿ ಬಹುಜನರಿಗೆ ಉಪಕಾರವಾಗುತ್ತದೆ. ಆ ಮೇಜಿನ ಬಳಿ ಕುಳಿತು ಕೆಲಸಕ್ಕೆ ಅರ್ಜಿ ಕಳುಹಿಸುವ ತರುಣನಿಗೆ ವಿ-ಲ್ಯಾನ್, ಒಳವಿಳಾಸಗಳ ಸಂಗತಿ ತಿಳಿಯಬೇಕಾಗಿಲ್ಲ. ಅರ್ಜಿಯು ಸಕಾಲಕ್ಕೆ ತಲುಪಿ, ಅವನ ಗುಟ್ಟು ಅವನಲ್ಲಿಯೇ ಉಳಿದರೆ ವ್ಯವಸ್ಥೆಯು ಸಾರ್ಥಕವಾದಂತೆ.